ರೇವಣಸಿದ್ದಯ್ಯನ ಹುಳಿತೇಗು

ಎಲ್ಲ ಎಡವಟ್ಟಿಗೂ ಮೂಲ ಒಂದು ಹುಳಿತೇಗು. ಕಲಬುರ್ಗಿ ಕಾಲೇಜು ನೋಡಿಬರಲೆಂದು ಅಪ್ಪ ಗುರುಲಿಂಗಯ್ಯ ಬಾಡಿಗೆ ಮೋಟಾರು ಕರೆಸಿದ್ದ ದಿನವೇ, ಅದೂ ತಾನು ಆಯಿ ಎಂದು ಕರೆಯುವ ಅಪ್ಪನ ತಾಯಿ ಸೂಗಮ್ಮನ ಎದುರಿಗೇ ನಿಂತು, ರೇವಣಸಿದ್ದಯ್ಯ ತೇಗಿಬಿಟ್ಟ.

ಸೂಗಮ್ಮನ ಪ್ರಕಾರ ರೋಗಗಳೆಲ್ಲ ಹುಟ್ಟುವುದು ಹೊಟ್ಟೆಯಲ್ಲಿ, ಎಲ್ಲಕ್ಕೂ ಮದ್ದು ಔಡಲೆಣ್ಣೆ, ಅಂದರೆ ಹರಳೆಣ್ಣೆ. ನಿಜಾಮ ಸರ್ಕಾರ ಶುಕ್ರವಾರ ಸೂಟಿ ಕೊಟ್ಟಿದ್ದು ಜನ ಆರಾಮಾಗಿರಲಿ ಅಂತ. ಸೇಡಂನ ಆ ಮನೆಯಲ್ಲಿ ಮಾತ್ರ ಅದು ಮೂಗು ಹಿಡಿದು ಎಣ್ಣೆ ಕುಡಿಸುವ ವಾರ. ಅಪ್ಪನಾದಿಯಾಗಿ ಯಾರಿಗೂ ಮಾಫಿ ಇಲ್ಲ. ಚಹಾ ಎಂಬ ಪದಾರ್ಥವಂತೂ ಹೊಸ್ತಿಲು ದಾಟಿರಲಿಲ್ಲ. ಹುಡುಗನಿಗೆ ಕಾಲೇಜು ಬೇಕಾಗಿದ್ದು, ಪಾಪ, ವಿದ್ಯೆಗಲ್ಲ. ಬೋರ್ಡಿಂಗಿನಲ್ಲಿ ಆಯಿ ಇರುವುದಿಲ್ಲ, ಅಷ್ಟೇ.

"ಹೊಟ್ಟಿ ಕೆಟ್ಟಾದ. ನಾನೂ ಬರ್ತೀನಿ," ಎಂದಳು ಸೂಗಮ್ಮ. ಸೀಟು ಸಿಕ್ಕರಿರಲಿ ಎಂದು ಕಟ್ಟಿದ ಅವನ ಟ್ರಂಕಿನ ಜೊತೆ ರೊಟ್ಟಿಯ ಹಂಚು, ಹಿಟ್ಟು ನಾದುವ ಪರಾತ, ಜೋಳದ ಹಿಟ್ಟು, ಎಣ್ಣೆಯ ಬಾಟಲಿ ಎಲ್ಲ ಮೋಟಾರು ಹತ್ತಿದವು. ಉಳಿದ ಜಾಗದಲ್ಲಿ ರೇವಣಸಿದ್ದಯ್ಯ ಮುದುಡಿ ಕೂತ.

ಮಳಖೇಡ ದಾಟುವಷ್ಟರಲ್ಲಿ ಗಾಲಿ ಕಿರುಗುಟ್ಟತೊಡಗಿತು. ಡ್ರೈವರ್ ಗುಲಾಮ ದಸ್ತಗೀರ ಇಳಿದು ಇಳಿದು ನೋಡಿ ತಲೆ ಕೆರೆದುಕೊಂಡ. ಬಂಡಿಯ ಅಚ್ಚಿಗೆ ಹಾಕುವುದು ಇದಕ್ಯಾಕೆ ಬೇಡ ಎಂದು ಸೂಗಮ್ಮ ಔಡಲೆಣ್ಣೆ ಸುರಿದೇಬಿಟ್ಟಳು. ಸಪ್ಪಳ ನಿಂತಿತು. ಅಲ್ಲಿಂದಾಚೆ ಅವನ ಬಾಯಲ್ಲಿ ಆಕೆ ಅಮ್ಮಾಜಾನ್. ಅಷ್ಟಾದರೂ ಎಣ್ಣೆ ಕಡಿಮೆಯಾಯಿತಲ್ಲ ಎಂದು ಹುಡುಗ ಬಾಟಲಿಯತ್ತ ನೋಡಿದ. ಇನ್ನೂ ಭಾಳ ಇತ್ತು.

ಬೋರ್ಡಿಂಗಿನಲ್ಲಿ ಜಾಗ ಸಿಕ್ಕರೆ ಸೀಟು ಕೊಡುತ್ತೇವೆ ಎಂದರು ಕಾಲೇಜಿನವರು. ಬೋರ್ಡಿಂಗಿಗೆ ಹೋದರೆ ಮ್ಯಾನೇಜರ್ ಮಡಿವಾಳಯ್ಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಅಡಿಗಿಯವ ಓಡಿಹೋಗ್ಯಾನ್ರಿ. ಹುಡುಗೂರು ನಿನ್ನಿಯಿಂದ ಉಪವಾಸ ಅದಾವ. ಇವತ್ತೇ ಬಾಗಲಾ ಹಾಕಾಕತ್ತೀನಿ."

ಹಾಗಾದರೆ ಕಾಲೇಜೂ ಬೇಡ, ನಡಿ ಊರಿಗೆ ಎಂದ ಅಪ್ಪ. ರೇವಣಸಿದ್ದಯ್ಯನಿಗೆ ಮುಂದಿನ ಎಣ್ಣೆಯ ಶುಕ್ರವಾರಗಳೆಲ್ಲ ಸಾಲುಗಟ್ಟಿ ಬಂದಂತಾಯಿತು. ಏನು ತೋಚಿತೋ ಏನೋ, ಓಡಿಹೋಗಿ ಮುದುಕಿಯ ಕೈ ಹಿಡಿದ.

"ಆಯಿ, ಇವತ್ತೊಂದ್ ಹೊತ್ತು ನೀನೇ ಮಾಡಿ ಹಾಕು. ಬೋರ್ಡಿಂಗ ಉಳೀತದ."

ಸೂಗಮ್ಮ ಸೀರೆ ಕಚ್ಚೆ ಬಿಗಿದು ಕೂತಳು. ಹಿತ್ತಲಲ್ಲಿ ರೊಟ್ಟಿ ತಟ್ಟುವ ಸದ್ದಿಗೆ ಹುಡುಗರು ಒಬ್ಬೊಬ್ಬರಾಗಿ ಬಂದು ತಾಟು ಹಿಡಿದು ಕೂತರು. ಪುಂಡಿಪಲ್ಯ ಬಡಿಸುವ ಮೊದಲು ಆಕೆ ಎಲ್ಲರ ನಾಲಿಗೆ ನೋಡಿದಳು. ಯಾಕೆಂದು ಯಾರೂ ಕೇಳಲಿಲ್ಲ, ಹಸಿವು ಅಷ್ಟಿತ್ತು.

ಆಮೇಲೆ ಮಡಿವಾಳಯ್ಯ ಅಪ್ಪನನ್ನು ಮೂಲೆಗೆ ಕರೆದ. ಇಬ್ಬರೂ ಪಿಸುಪಿಸು ಮಾತಾಡಿದರು, ನಕ್ಕರು, ಮತ್ತೆ ಸೂಗಮ್ಮನನ್ನೂ ಕರೆದರು. ಹುಡುಗನಿಗೆ ತಲೆಬುಡ ತಿಳಿಯಲಿಲ್ಲ. ಕಡೆಗೆ ಅಪ್ಪ ಬಂದು ಜಾಗ ಸಿಕ್ಕಿತು ಎಂದಾಗ ಅವನಿಗೆ ಕುಣಿಯುವುದೊಂದು ಬಾಕಿ.

ಟ್ರಂಕು ತರಲು ಹೊರಟರೆ ಅದು ಆಗಲೇ ಪಡಸಾಲೆಯಲ್ಲಿತ್ತು. ಪಕ್ಕದಲ್ಲಿ ಹಂಚು, ಪರಾತ, ಬಾಟಲಿ.

"ಆಯಿ, ನಿನ್ನ ಸಾಮಾನ ಯಾಕ ಇಳಿಸ್ಯಾರ?"

"ಮ್ಯಾನೇಜರ್ ಕಾಲು ಹಿಡಕೊಂಡನಪ್ಪ. ಇಲ್ಲೇ ಇರ್ತೀನಿ. ಅಡಿಗಿ ನಂದು, ಹುಡುಗೂರ ಹೊಟ್ಟೀನೂ ನಂದು. ಒಂದೇ ಕರಾರು ಹಾಕೀನಿ. ಸುಕ್ರಾರ ಎಲ್ಲಾರೂ ಎಣ್ಣಿ ಕುಡೀಬೇಕು."

ರೇವಣಸಿದ್ದಯ್ಯ ಗೇಟಿಗೆ ಓಡಿದ. ಮೋಟಾರು ಅಲ್ಲಿರಲಿಲ್ಲ, ಎಣ್ಣೆ ಕುಡಿದ ಗಾಲಿ ಸಪ್ಪಳವಿಲ್ಲದೆ ಜಾರಿ ರಸ್ತೆಯಾಚೆಯ ಚಹಾದಂಗಡಿ ಮುಂದೆ ನಿಂತಿತ್ತು. ಒಳಗೆ ಅಪ್ಪ ಕೂತಿದ್ದ. ಚಹಾವನ್ನು ಬಸಿಗೆ ಸುರಿದು, ಉಫ್ ಉಫ್ ಎಂದು ಊದಿ, ಕಣ್ಣು ಮುಚ್ಚಿ ಸುರಕ್ಕೆಂದು ಹೀರುತ್ತಿದ್ದ. ಆಮೇಲೆ ಇನ್ನೊಂದು ಕಪ್ಪಿಗೆ ಕೈ ಎತ್ತಿದ.

ಹಿಂದಿನಿಂದ ಬಾಟಲಿಯ ಬಿರಡೆ ಕಿತ್ತ ಸದ್ದು ಕೇಳಿಸಿತು.

"ನಾಳಿ ಸುಕ್ರಾರ, ಸೂಟಿ ಅದ. ಮೊದಲ ಗುಟುಕು ಇವತ್ತೇ ಆಗಲಿ. ಸಾಲಾಗಿ ನಿಂದ್ರಿ," ಎಂದಳು ಸೂಗಮ್ಮ. "ಮೊದಲ ನಮ್ಮ ರೇವಣ. ಮುಂಜಾನಿ ತೇಗ್ಯಾನ."