ಹುಳ ತಿನ್ನುವ ಹಕ್ಕಿಗೆ ಸೆರಗಿನಲ್ಲಿ ಜಾಗ

ಸಂಶಯ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ. ನಗದಿದ್ದರೆ, ನನಗೆ ಗೊತ್ತಾಗಿರುವುದು ಅವನಿಗೂ ಗೊತ್ತಾಗಿದೆ ಎಂದುಕೊಳ್ಳುತ್ತೇನೆ. ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವನಿಗೆ ಈ ಗುಣ ಬೇಕೇ ಬೇಕು. ನೂಲನ್ನು ಎಳೆದು ನೋಡದೆ ಮಗ್ಗಕ್ಕೆ ಏರಿಸುವಂತಿಲ್ಲ. "ಮಗ್ಗದಿಂದ ಇಳಿದ ಮೇಲೂ ಕಂಡೋರನ್ನೆಲ್ಲ ಎಳೆದು ನೋಡೋದು ಯಾಕೆ?" ಎಂಬುದು ನನ್ನ ಹೆಂಡತಿಯ ಪ್ರಶ್ನೆ.

ಹೀಗಿರುವಾಗ ಮದುವೆ ನಿಶ್ಚಯವಾಗಿದ್ದ ಮಗಳು ಪೂರ್ಣಿಮಾ, ಕೊಯಮತ್ತೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ಮೊಬೈಲಿನಲ್ಲಿ ಒಂದು ಹಕ್ಕಿ ತೋರಿಸಿ, "ಅಪ್ಪಾ, ನನ್ನ ಕಲ್ಯಾಣದ ಸೀರೆ ಸೆರಗಲ್ಲಿ ಇದು ಬರಬೇಕು" ಎಂದಳು. ದಕ್ಷಿಣ ಅಮೆರಿಕದ ಕಾಡಿನದಂತೆ, ಹೆಸರು ಆಂಟ್‌ರೆನ್. ಗುಬ್ಬಿಗಿಂತ ಸಣ್ಣದು, ಬೂದಿ ಬಣ್ಣ, ರೆಕ್ಕೆಯ ಮೇಲೆ ಬಿಳಿ ಚುಕ್ಕೆ. ನವಿಲು, ಗಿಣಿ, ಅನ್ನಪಕ್ಷಿ ಎನ್ನುವ ಹಂಸ ಬಿಟ್ಟು ನಮ್ಮ ಸೆರಗಿನ ಮೇಲೆ ಬೇರೆ ಯಾರೂ ಕೂತವರಲ್ಲ. ಇದು ಹುಡುಗನ ಕಡೆಯವರ ಕಿತಾಪತಿ ಎಂದು ನನಗೆ ತಕ್ಷಣ ಅನುಮಾನ ಬಂತು. ನೇಯುವಾಗ ಹಕ್ಕಿಯ ರೂಪ ಕೆಟ್ಟರೆ, ಬೀಗರಿಗೆ ನೇಯ್ಗೆ ಬಾರದು ಎನ್ನಬಹುದಲ್ಲ!

"ಏನು ತಿನ್ನತ್ತೆ ಇದು?" ಎಂದು ಪೊಲೀಸಿನವರ ಧಾಟಿಯಲ್ಲಿ ಕೇಳಿದೆ.

"ಎಲೆ ಅಡೀಲಿರೋ ಹುಳ."

ಸೊಪ್ಪು ಸೋಸುತ್ತಿದ್ದ ನಮ್ಮವ್ವನ ಕೈ ನಿಂತಿತು. "ರೇಷ್ಮೆ ಹುಳದಿಂದ ನಮ್ಮ ಒಲೆ ಉರೀತದೆ. ಹುಳ ತಿನ್ನೋದನ್ನ ಪಟ್ಟು ಸೀರೆ ಮೇಲೆ ಕೂರಿಸ್ತಾರಾ? ಬೇಡ ಸಾಮಿ!"

ಅವ್ವ ಹೇಳಿದ್ದೇ ಸರಿಯೆಂದು ನಾನು ಜೋರಾಗಿ ತಲೆಯಾಡಿಸಿದೆ. ಮಗಳ ಮುಖ ಸಣ್ಣದಾಯಿತು. "ಹಾಗಾದ್ರೆ ಅಂಗಡೀಲೇ ಸೀರೆ ತಗೋತೀನಿ" ಎಂದಳು.

ಊರ ಹೆಣ್ಣುಮಕ್ಕಳಿಗೆಲ್ಲ ನೇಯ್ದವನು ನಾನು; ನನ್ನ ಮಗಳು ಯಾರೋ ನೇಯ್ದದ್ದನ್ನು ಉಟ್ಟು ಹಸೆಮಣೆ ಏರುವುದೇ?

ಅವಳು ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ಆ ಹಕ್ಕಿ ಪಾವಂ, ಬಡಪಾಯಿ, ಹಸಿವಾದಾಗ ಒಂದು ಹುಳ ತಿನ್ನತ್ತೆ. ನಮ್ಮ ಒಂದು ಸೀರೆಗೆ ಸಾವಿರಾರು ಹುಳನ ಗೂಡು ಸಮೇತ ಬೇಯಿಸ್ತಾರೆ. ಹುಳನ ಕೇಳಿದ್ರೆ, ಹಕ್ಕಿ ಬೇಡ ಅನ್ನತ್ತಾ, ನಾವು ಬೇಡ ಅನ್ನತ್ತಾ?"

ಅವ್ವ ಮತ್ತೆ ಸೊಪ್ಪು ಸೋಸತೊಡಗಿದಳು. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆ.

ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಹಕ್ಕಿಯನ್ನು ನಾನೇ ಬರೆದೆ. ಮಗ್ಗಕ್ಕೆ ಚಿತ್ರ ತಿಳಿಸುವ ಜಕಾರ್ಡ್ ರಟ್ಟಿಗೆ ತೂತು ಹೊಡೆಯುವವನು ಅಭ್ಯಾಸಬಲದಿಂದ ಅದಕ್ಕೊಂದು ಜುಟ್ಟು ಸೇರಿಸಿ ನವಿಲು ಮಾಡಿಬಿಟ್ಟಾನೆಂದು ಅವನ ಪಕ್ಕದಲ್ಲೇ ಕೂತು ಕಾದೆ. ನೇಯ್ದು ಮುಗಿಸಿ ಸೀರೆ ಹರಡಿದ ದಿನ, ಮಗಳು ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ದೂರ ಹಿಡಿದು ನೋಡಿ, "ಅಪ್ಪಾ, ಎಲ್ಲಾ ಹಕ್ಕೀನೂ ಯಾಕೆ ಓರೆಗಣ್ಣಲ್ಲಿ ನೋಡ್ತಿವೆ?" ಎಂದಳು.

"ಬರೆದವರ ಮುಖ ನೋಡು, ಗೊತ್ತಾಗತ್ತೆ" ಎಂದಳು ಹೆಂಡತಿ.

ಎಲ್ಲರೂ ನಕ್ಕರು. ನನಗೇನೂ ಬೇಜಾರಾಗಲಿಲ್ಲ. ಮಗಳು ಹೋಗುವ ಮನೆಯವರ ಮೇಲೆ ಒಂದು ಕಣ್ಣಿಡಲು ಸೆರಗಿನ ತುಂಬ ನಮ್ಮ ಕಡೆಯವರೇ ಇದ್ದಾರಲ್ಲ.