ಮೂವತ್ತಾರು ಮೂಲೆ, ಒಂದು ದುಂಡು ಪ್ಯಾಡ್

ದುಂಡಗಿರುವ ವಸ್ತು ಮೂಲೆಯೊಳಗೆ ಹೋಗುವುದಿಲ್ಲ ಎಂಬ ಸತ್ಯ ನಿಮಗೆಲ್ಲ ಹುಟ್ಟಿನಿಂದಲೇ ಗೊತ್ತಿರಬಹುದು. ನನಗೆ ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಒಂದು ಶುಕ್ರವಾರ ಸಂಜೆ. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಎಲ್ಲದಕ್ಕೂ ಕಾರಣ ನನ್ನ ಮಾವ. ಅವರು ಬಡಗಿ. ಮಗಳು ಶಾಲೆಗೆ ಹೋಗುವ ಕಾಲದಲ್ಲಿ ಪುಸ್ತಕ ಇಟ್ಟುಕೊಳ್ಳಲಿ ಎಂದು ಕೈಯಾರೆ ಒಂದು ಕಪಾಟು ಮಾಡಿಕೊಟ್ಟಿದ್ದರು. ಬಾಗಿಲಿಲ್ಲದ ಒಂಬತ್ತು ದೊಡ್ಡ ಗೂಡು. ಒಂದೊಂದು ಗೂಡಿನೊಳಗೆ ನಾಲ್ಕು ಮೂಲೆ. ಮದುವೆಯಾದಾಗ ಹೆಂಡತಿಯ ಜೊತೆಗೆ ಅದೂ ಬಂತು. (ಇಬ್ಬರಲ್ಲಿ ಕಪಾಟೇ ಹೆಚ್ಚು ಮೌನಿ.) ಹದಿಮೂರು ವರ್ಷ ನಮ್ಮ ಹಜಾರದಲ್ಲಿ ನಿಂತು ಅದರ ವಾರ್ನಿಷ್ ಕಪ್ಪಿಟ್ಟು, ಮುಟ್ಟಿದರೆ ಕೈಗೆ ಅಂಟುವಂತಾಗಿತ್ತು. ಹಿಂದಿನ ಭಾನುವಾರ ಬಂದಿದ್ದ ಮಾವ ಅದನ್ನು ಬೆರಳಿನಿಂದ ಸವರಿ, ಬೆರಳನ್ನು ಮೂಸಿ ನೋಡಿ, ಶವಪರೀಕ್ಷೆ ಮಾಡಿದವರಂತೆ ತಲೆಯಾಡಿಸಿದರು.

"ಅಳಿಯಂದ್ರೇ, ಮುಂದಿನ ಭಾನುವಾರ ವ್ಯಾನ್ ತರ್ತೀನಿ. ಇದನ್ನ ನನ್ನ ಅಂಗಡಿಗೆ ತಗೊಂಡು ಹೋಗ್ತೀನಿ. ನಿಮ್ಮನೇಲಿ ಇದು ಬದುಕಲ್ಲ."

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ನನ್ನೊಳಗಿನ ವೀರ ಎದ್ದು ಕುಳಿತ. "ಮಾವ, ಅಷ್ಟರಲ್ಲಿ ನಾನೇ ಉಜ್ಜಿ ಹೊಸದು ಮಾಡಿಡ್ತೀನಿ. ಒಂದೇ ಒಂದು ಮೂಲೆ ಕೆಟ್ಟಿದ್ರೂ ತಗೊಂಡು ಹೋಗಿ!" ಎಂದುಬಿಟ್ಟೆ.

ಮಾವ ನನ್ನ ಕೈಗಳನ್ನು ನೋಡಿದರು. ನಾನು ವಿಮಾ ಕಚೇರಿಯಲ್ಲಿ ಅರ್ಜಿಗಳಿಗೆ ಮೊಹರು ಒತ್ತುವವನು. "ಮೂವತ್ತಾರು ಮೂಲೆ ಇದೆ" ಎಂದಷ್ಟೇ ಹೇಳಿ ಹೊರಟುಹೋದರು.

ಉಪ್ಪುಕಾಗದ ಮೆತ್ತಿದ ಪ್ಯಾಡಿನಿಂದ ಮರ ಉಜ್ಜುವ ಯಂತ್ರ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದೆ. "ಬಯಲು ಜಾಗಕ್ಕೆ ದುಂಡು ಪ್ಯಾಡೇ ಬೆಸ್ಟ್ ಸಾರ್. ಸುತ್ತುತ್ತೆ, ಜೊತೆಗೆ ಅಲುಗಾಡುತ್ತೆ, ಗೀರು ಬೀಳಲ್ಲ. ಮೂಲೆಗೆ ಮಾತ್ರ..." ಎಂದು ಅಂಗಡಿಯವನು ಹೇಳುತ್ತಿದ್ದಾಗಲೇ ನಾನು ಯಂತ್ರ ಎತ್ತಿಕೊಂಡು ಬೀದಿ ದಾಟಿದ್ದೆ.

ಶುಕ್ರವಾರ ಸಂಜೆ ಯಂತ್ರ ಚಾಲೂ ಮಾಡಿದೆ. ಕಪಾಟಿನ ತಲೆ, ಎರಡೂ ಪಕ್ಕೆ ನೋಡನೋಡುತ್ತಲೇ ಬೆಳ್ಳಗಾದವು. ಮರದ ಪುಡಿ ಮೈಮೇಲೆ ಬಿದ್ದಾಗ ಪಟ್ಟಾಭಿಷೇಕವಾದಂತೆನಿಸಿತು. ಆಮೇಲೆ ಗೂಡಿನೊಳಗೆ ಕೈಯಿಟ್ಟೆ. ಪ್ಯಾಡ್ ಮೂಲೆಯ ಹತ್ತಿರ ಹೋಗಿ, ಅದನ್ನು ಮುಟ್ಟದೆ, ಎರಡು ಬೆರಳು ದೂರದಲ್ಲೇ ನಿಂತಿತು. ಒತ್ತಿದೆ. ಹೋಗಲಿಲ್ಲ. ಓರೆ ಮಾಡಿ, ಅಂಚಿನ ಮೇಲೆ ನಿಲ್ಲಿಸಿ, ಬಲವಾಗಿ ಅದುಮಿದೆ. ಗುರ್ರ್! ಮರದಲ್ಲಿ ಬಿದಿಗೆ ಚಂದ್ರನಂಥ ಒಂದು ಗುಳಿ ಬಿತ್ತು. ಅದನ್ನು ಸರಿಮಾಡಲು ಹೋದಾಗ ಪಕ್ಕದಲ್ಲೇ ಇನ್ನೊಂದು ಚಂದ್ರೋದಯವಾಯಿತು.

"ರೀ! ಇದೇನ್ರೀ ಇದು, ಕರಡಿ ಪರಚಿದ ಹಾಗೆ?"

"ಅದು ಮರದ ಸಹಜ ರೇಖೆ ಕಣೇ."

"ಇಷ್ಟು ವರ್ಷ ಇಲ್ಲದ ರೇಖೆ ನೀವು ಮುಟ್ಟಿದ ತಕ್ಷಣ ಹುಟ್ಕೊಳ್ತಾ? ಅಪ್ಪ ತಗೊಂಡು ಹೋಗೋದು ಗ್ಯಾರಂಟಿ!" ಎಂದು ಅವಳು ಗೂಡಿಗೆ ತಲೆಯಾನಿಸಿ ಕೂತಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಕೂತದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಶನಿವಾರ ಬೆಳಿಗ್ಗೆ ಎದುರುಮನೆ ಮೇಷ್ಟ್ರ ಹತ್ತಿರ ಚೌಕ ಪ್ಯಾಡಿನ ಯಂತ್ರ ಕೇಳಿ ತಂದೆ. ಅದು ಮೂಲೆಯವರೆಗೆ ಹೋಯಿತು, ನಿಜ. ಆದರೆ ಅದು ನಡುಗುವ ಜಾತಿ. ಟಕಟಕ ಎಂದು ಅಕ್ಕಪಕ್ಕದ ಹಲಗೆಗೆ ಡಿಕ್ಕಿ ಹೊಡೆದು ಉಪ್ಪುಕಾಗದದ ತುದಿಯನ್ನೇ ಹರಿದುಕೊಂಡಿತು. ಮತ್ತೆ ಅಂಗಡಿಗೆ ಓಡಿದೆ.

"ಮೂಲೆಗೆ ಮಾತ್ರ ತ್ರಿಕೋನದ ಪ್ಯಾಡ್ ಬೇಕು ಅಂತ ಅವತ್ತೇ ಹೇಳಕ್ಕೆ ಬಂದೆ. ನೀವು ನಿಲ್ಲಲೇ ಇಲ್ಲ. ಈಗ ಸ್ಟಾಕ್ ಇಲ್ಲ ಸಾರ್, ಬುಧವಾರ ಬನ್ನಿ" ಎಂದ ಅಂಗಡಿಯವನು.

ಕಾಲೆಳೆದುಕೊಂಡು ಮನೆಗೆ ಬಂದರೆ, ಹೆಂಡತಿ ತನ್ನ ಅಕ್ಕನ ಮನೆಗೆ ಹೊರಡಲು ರವಿಕೆಗೆ ಇಸ್ತ್ರಿ ಹಾಕುತ್ತಿದ್ದಳು. ಹೊಚ್ಚಹೊಸ ಇಸ್ತ್ರಿ ಪೆಟ್ಟಿಗೆ. (ಕೈ ತೊಳೆಯದೆ ಅದನ್ನು ಮುಟ್ಟಬಾರದೆಂದು ನಮ್ಮ ಮನೆಯ ಸಂವಿಧಾನದಲ್ಲಿದೆ.) ಅದರ ಚೂಪು ಮೂತಿ ತೋಳಿನ ಸಂದಿಯೊಳಗೆ ಸಲೀಸಾಗಿ ನುಗ್ಗುವುದನ್ನು ನೋಡಿದೆ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು.

ಅವಳು ಬಾಗಿಲು ದಾಟಿದ್ದೇ ತಡ, ಪೆಟ್ಟಿಗೆ ಆರುವವರೆಗೆ ಕಾದು, ಎರಡೂ ಕಡೆ ಅಂಟುವ ಟೇಪಿನಿಂದ ಅದರ ತಳಕ್ಕೆ ಉಪ್ಪುಕಾಗದ ಮೆತ್ತಿದೆ. ಮೂಲೆಯಲ್ಲಿಟ್ಟು ಕೈಯಲ್ಲೇ ಉಜ್ಜಿದೆ. ಏನು ಹೇಳಲಿ! ಮೂತಿ ಮೂಲೆಯ ಹೊಟ್ಟೆಗೇ ಇಳಿಯಿತು. ಚಂದ್ರರು ಒಬ್ಬೊಬ್ಬರಾಗಿ ಅಸ್ತಂಗತರಾದರು. ಸಂಜೆಯೊಳಗೆ ಮೂವತ್ತಾರು ಮೂಲೆ ಮುಗಿಸಿ, ವಾರ್ನಿಷ್ ಬಳಿದು, ಕಾಗದ ಕಿತ್ತು, ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟೆ.

ಬಂದ ಹೆಂಡತಿ ಬಾಗಿಲಲ್ಲೇ ಬೆಪ್ಪಾಗಿ ನಿಂತಳು. "ನೀವೇ ಮಾಡಿದ್ರಾ?" ಎಂದು ನನ್ನನ್ನು ನೋಡಿದ ನೋಟ ಹದಿಮೂರು ವರ್ಷದಲ್ಲಿ ಮೊದಲನೆಯದು. ಅಂಥ ಹೊತ್ತಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಸುದ್ದಿ ಎತ್ತುವಷ್ಟು ದಡ್ಡ ನಾನಲ್ಲ.

ಭಾನುವಾರ ಬಿಳಿ ಪ್ಯಾಂಟಿಗೆ ನಾನೇ ಇಸ್ತ್ರಿ ಹಾಕಲು ಕೂತೆ. ಹಿಂಭಾಗದ ಮೇಲೆ ಪೆಟ್ಟಿಗೆ ಇಟ್ಟಿದ್ದೇನೆ, ಹೊರಗೆ ವ್ಯಾನಿನ ಹಾರನ್! ಪೆಟ್ಟಿಗೆ ಎತ್ತಿದರೆ ಯಾಕೋ ಬಟ್ಟೆ ಸ್ವಲ್ಪ ಹಿಡಿದುಕೊಂಡಂತಾಯಿತು. ನೋಡಲು ಪುರಸೊತ್ತಿಲ್ಲದೆ ಪ್ಯಾಂಟು ಏರಿಸಿಕೊಂಡು ಓಡಿದೆ.

ಮಾವ ಕಣ್ಣುಮುಚ್ಚಿ ಒಂದೊಂದೇ ಮೂಲೆಗೆ ಬೆರಳು ತೂರಿಸಿದರು. ಹೆಂಡತಿ ಉಸಿರು ಬಿಗಿಹಿಡಿದಿದ್ದಳು. ನಾನು ಉಸಿರಾಡುವುದನ್ನೇ ಮರೆತಿದ್ದೆ. ಕೊನೆಗೆ ಅವರು ಕಣ್ಣುಬಿಟ್ಟರು.

"ಭೇಷ್. ಯಾವ ಪ್ಯಾಡ್ ಹಾಕಿದ್ರಿ?"

"ತ್ರಿಕೋನ, ಮಾವ. ದುಂಡು ಬಯಲಿಗೆ, ಚೌಕ ಅಂಚಿಗೆ, ಮೂಲೆಗೆ ತ್ರಿಕೋನವೇ ಆಗಬೇಕು. ಇದೆಲ್ಲ ಒಂದು ಶಾಸ್ತ್ರ."

"ಎಲ್ಲಿ, ತೋರಿಸಿ ಆ ಪ್ಯಾಡ್ನ."

"ಅದು... ವಾಪಸ್ ಕೊಟ್ಟುಬಿಟ್ಟೆ. ಅದಿರಲಿ, ಕೆಳಗಿನ ಈ ಮೂಲೆ ನೋಡಿ, ಎಷ್ಟು ನುಣುಪು!" ಎಂದು ಅವರಿಗೆ ಬೆನ್ನು ಮಾಡಿ ಬಗ್ಗಿದೆ.

"ಸಿಕ್ತು ಬಿಡಿ ಪ್ಯಾಡು" ಎಂದರು ಮಾವ.

"ಅಯ್ಯೋ! ನನ್ನ ಇಸ್ತ್ರಿ ಪೆಟ್ಟಿಗೆ!" ಹೆಂಡತಿ ಕಿರುಚಿದಳು.

ಕನ್ನಡಿಯ ಮುಂದೆ ತಿರುಗಿ ನೋಡಿಕೊಂಡೆ. ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಟೇಪಿನ ಅಂಟೆಲ್ಲ ಕರಗಿ, ಮರದ ಪುಡಿಯ ಸಮೇತ, ಬಿಳಿ ಪ್ಯಾಂಟಿನ ಹಿಂದೆ ಕಂದು ಬಣ್ಣದ ಚೂಪು ಮೂತಿಯ ಗುರುತು ಬಿದ್ದಿತ್ತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅಷ್ಟು ಸ್ಪಷ್ಟವಾದ ಮೊಹರು ನಾನು ಒತ್ತಿದ್ದೇ ಇಲ್ಲ.

"ಕಪಾಟು ಇಲ್ಲೇ ಇರಲಿ ಮಗಳೇ, ಕೆಲಸ ಚೆನ್ನಾಗಿದೆ" ಎಂದರು ಮಾವ. ನನಗೆ ಹೋದ ಜೀವ ಬಂದಂತಾಯಿತು. "ಆದ್ರೆ ವ್ಯಾನ್ ಖಾಲಿ ಹೋಗಬಾರದು. ಇಂಥ ಕೈ ಬಿಡೋ ಹಾಗಿಲ್ಲ. ಇವರನ್ನೇ ಕರ್ಕೊಂಡು ಹೋಗ್ತೀನಿ, ಪ್ರತಿ ಭಾನುವಾರ."

"ಈಗಲೇ ಹತ್ತಿಸಿ ಅಪ್ಪ!" ಎಂದಳು ಹೆಂಡತಿ, ಪೆಟ್ಟಿಗೆಯ ತಳವನ್ನು ಚಮಚದಿಂದ ಕೆರೆಯುತ್ತ.

ಮಾವನ ಅಂಗಡಿಯಲ್ಲಿ ಯಂತ್ರವಿಲ್ಲ. ಚಿಕ್ಕ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ನನ್ನ ಕೈಗಿಟ್ಟರು. "ಇದು ಎಲ್ಲ ಆಕಾರಕ್ಕೂ ಆಗುತ್ತೆ" ಎಂದು ಗೋಡೆಯ ಕಡೆ ತೋರಿಸಿದರು. ಅಲ್ಲಿ ಯಾವುದೋ ಶಾಲೆಯ ಮಕ್ಕಳ ಚೀಲಕ್ಕೆಂದು ಮಾಡಿದ ಕಪಾಟು ನಿಂತಿತ್ತು. ಇನ್ನೂರು ಗೂಡು. ಮೂಲೆ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ, ನನಗೆ ಧೈರ್ಯವಿಲ್ಲ.