ತಬಲಾ ಅವರಿಗೆ, ಡಗ್ಗಾ ಇವರಿಗೆ

ಜೀವಮಾನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಎರಡು ಪಾಲು ಮಾಡುವುದು ಯಾವ ಮಹಾ ಕೆಲಸ? ಕೆಲಗೇರಿಯ ನಮ್ಮ ಕಾಲನಿಯ ಮಹಿಳಾ ಭಜನಾ ಮಂಡಳಿ, ಹಾಡುವ ಹೊತ್ತಿನ ಜಗಳದಲ್ಲಿ, ಮುಂಜಾನೆಯ ಗುಂಪು, ಸಂಜೆಯ ಗುಂಪು ಎಂದು ಒಡೆದಾಗ ಸಾಮಾನು ಹಂಚುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಕರೆದಿರಲಿಲ್ಲ!

ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಸಾಮಾನಾದರೂ ಎಷ್ಟು? ಒಂದು ಹಾರ್ಮೋನಿಯಂ ಪೇಟಿ, ತಬಲಾ-ಡಗ್ಗಾದ ಒಂದು ಜೋಡಿ, ಚಹಾದ ದೊಡ್ಡ ಕಿಟ್ಲಿ, ನೆಲಕ್ಕೆ ಹಾಸುವ ಉದ್ದನೆಯ ಜಮಖಾನಿ. ತೊಡಕು ಒಂದೇ. ಸಂಜೆಯ ಗುಂಪಿನ ಮುಖ್ಯಸ್ಥೆ ನನ್ನ ಹೆಂಡತಿ ಗಿರಿಜಾ!

"ಸರ್ರ, ಮನಿಯವ್ರ ಕಡೆ ವಾಲಬ್ಯಾಡ್ರಿ ಮತ್ತ," ಎಂದರು ಮುಂಜಾನೆಯ ಗುಂಪಿನ ಕಮಲಕ್ಕ.

"ಎರಡು ರಾಶಿ ನಾ ಮಾಡ್ತೇನಿ, ಮೊದಲು ಆರಿಸೋರು ನೀವು. ಆತಲ್ರಿ?" ಎಂದೆ. ಎಂಥ ನ್ಯಾಯ! ಗಿರಿಜಾ ನನ್ನನ್ನು ನೋಡಿದ ನೋಟದಲ್ಲೇ ನನ್ನ ಊಟದ ಭವಿಷ್ಯ ತಿಳಿಯಿತು.

ಒಂದು ಕಡೆ ಪೇಟಿ, ಇನ್ನೊಂದು ಕಡೆ ಉಳಿದದ್ದೆಲ್ಲ. ಕಮಲಕ್ಕ ಪೇಟಿಗೆ ಕೈಹಾಕಿದ್ದೇ ತಡ, ಅವರ ಗುಂಪಿನವರೇ ಒಬ್ಬರು, "ಪೇಟಿ ಬಾರ್ಸಿದ್ರ ಚಹಾ ಬರ್ತೈತೇನು? ಕಿಟ್ಲಿ ತಗೋರಿ!" ಎಂದು ಕೂಗಿದರು. ಅರ್ಧ ಜನ ಪೇಟಿಯ ಕಡೆ, ಅರ್ಧ ಜನ ಕಿಟ್ಲಿಯ ಕಡೆ. ಗಿರಿಜಾಳ ಗುಂಪಿನಲ್ಲೂ ಅದೇ ಜಗಳ. ನಾನು ಕೂತಾಗ ಇದ್ದದ್ದು ಎರಡು ಗುಂಪು. ಈಗ ನಾಲ್ಕು!

ಕೂಡಲೇ ಸೂತ್ರ ಬದಲಿಸಿದೆ. ಪೇಟಿ ಅವರಿಗೆ, ಕಿಟ್ಲಿ ಇವರಿಗೆ. ತಬಲಾ ಅವರಿಗೆ, ಡಗ್ಗಾ ಇವರಿಗೆ.

"ಬರೇ ಡಗ್ಗಾ ಇಟಗೊಂಡು ನಾವು ದುಂ ದುಂ ಅಂತ ಕೂಡೂದೇನ್ರಿ?" ಗಿರಿಜಾ ಕೇಳಿದಳು.

"ಸಮಪಾಲು ಅಂದ್ರ ಸಮಪಾಲು!" ಎಂದು ಸಾರಿ, ಅದೇ ಹುರುಪಿನಲ್ಲಿ ಒಳಗಿನಿಂದ ಕತ್ತರಿ ತಂದೆ. ಗಣಿತದವನಿಗೆ ಟೇಪು ಏಕೆ? ಕಣ್ಣಳತೆಯಲ್ಲೇ ನಡು ಗುರುತಿಸಿ, ಯಾರಾದರೂ ತಡೆಯುವ ಮೊದಲೇ ಜಮಖಾನಿಯನ್ನು ಕತ್ತರಿಸಿಬಿಟ್ಟೆ. ಚರ್ರ್!

ಪಡಸಾಲೆಯಲ್ಲಿ ಕೂತವರೆಲ್ಲ ಎದ್ದು ನಿಂತರು.

ಆಮೇಲೆ ಎಲ್ಲರೂ ಒಟ್ಟಿಗೆ ಬೈದರು. ಇಷ್ಟು ವರ್ಷ ಭಜನೆಯಲ್ಲಿ ಕೂಡದಿದ್ದ ಶ್ರುತಿ ಅಂದು ಕೂಡಿತು!

"ಇನ್ನೊಂದು ತಾಸು ಬಿಟ್ರ ಸರ್ರು ಪೇಟೀನೂ ಕೊಯ್ತಾರ," ಎಂದರು ಕಮಲಕ್ಕ. "ಗಿರಿಜಾ, ಒಂದಿನ ಮುಂಜಾನೆ, ಒಂದಿನ ಸಂಜಿಮುಂದ ಕೂಡೇ ಹಾಡೂಣು. ಏನಂತಿ?"

"ಖರೇ ಅದ ಅಕ್ಕಾ. ಹಂಗs ಮಾಡೂಣು," ಎಂದಳು ಗಿರಿಜಾ. ಸಾಮಾನು ಬಿಟ್ಟು ಹೊತ್ತನ್ನು ಹಂಚಬಹುದು ಎಂಬುದು ನನ್ನ ಗಣಿತಕ್ಕೆ ಹೊಳೆದೇ ಇರಲಿಲ್ಲ!

ಮಂಡಳಿ ಒಂದಾಯಿತು. ನನ್ನನ್ನು ಮೂಲೆಯಲ್ಲಿ ಕೂರಿಸಿ ಜಮಖಾನಿ ಹೊಲಿಯಲು ಹೇಳಿದರು. ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಒಂದು ಇನ್ನೊಂದಕ್ಕಿಂತ ಮೊಳದಷ್ಟು ಉದ್ದ!

ಕಮಲಕ್ಕ ಬಗ್ಗಿ ನೋಡಿದರು. "ಸರ್ರ, ನಿಮ್ಮ ಸಾಲ್ಯಾಗ ಅರ್ಧ ಅಂದ್ರ ಹಿಂಗs ಇರ್ತಿತ್ತೇನ್ರಿ?"

ನಾನು ಸೂಜಿ ಕೈಗೆತ್ತಿಕೊಂಡೆ. ಅದರ ಕಣ್ಣು ನನ್ನ ಕಣ್ಣಿಗೆ ಕಾಣದೆ, ದಾರ ಪೋಣಿಸಲು ಗಿರಿಜಾಳನ್ನೇ ಕರೆಯಬೇಕಾಯಿತು!